ಟ್ರಾಮ್ ಹಳಿ ಮತ್ತು ಮಲೆನಾಡ ಮಳೆ

ಶಿವಮೊಗ್ಗದ ಬಿ.ಎಚ್. ರಸ್ತೆಗೆ ಟ್ರಾಮ್ ಬಂದರೆ ಆಷಾಢದ ಮಳೆಗೆ ಚಕ್ರ ಜಾರುವುದಿಲ್ಲವೇ ಎಂದು ಕೇಳಿದ್ದೀರಿ. ಜಡಿಮಳೆಗಿಂತ ತುಂತುರೇ ಅಪಾಯ: ಹಳಿ ಮೇಲಿನ ಧೂಳು, ಎಣ್ಣೆ, ತರಗೆಲೆ ನೆನೆದು ಲೋಳೆಯಾಗುತ್ತದೆ, ಜೋರು ಮಳೆ ಅದನ್ನು ತೊಳೆದುಬಿಡುತ್ತದೆ. ಅದಕ್ಕೇ ಚಕ್ರದ ಮುಂದೆ ಮರಳು ಉದುರಿಸುವ ಕೊಳವೆ ಇರುತ್ತದೆ. ಜರಡಿ ಹಿಡಿದು ಒಣಗಿಸಿದ ಮರಳೇ ಆಗಬೇಕು. ನಮ್ಮ ಥಂಡಿಗೆ ತೇವ ಹಿಡಿದರೆ ಕೊಳವೆ ಕಟ್ಟಿಕೊಳ್ಳುತ್ತದೆ. ತುರ್ತಿಗೆ ಹಳಿಯನ್ನೇ ಕಚ್ಚಿ ಹಿಡಿಯುವ ವಿದ್ಯುತ್ಕಾಂತ ಬ್ರೇಕ್ ಬೇರೆ ಇರುತ್ತದೆ.

ನಿಜವಾದ ಚಿಂತೆ ಹಳಿಯ ಸೀಳಿನದು, ಅಂದರೆ ಚಕ್ರದ ಅಂಚು ಇಳಿದು ಓಡಲೆಂದು ಹಳಿಯುದ್ದಕ್ಕೂ ಬಿಟ್ಟಿರುವ ಸಂದಿನದು. ಸುಮಾರು 4 ಸೆಂ.ಮೀ. ಅಗಲದ ಆ ಸೀಳಿನಲ್ಲಿ ಕೆಮ್ಮಣ್ಣು ತುಂಬಿ ಗಟ್ಟಿಯಾದರೆ ಚಕ್ರದ ಅಂಚು ಮೇಲೆದ್ದು ಹಳಿ ತಪ್ಪಬಹುದು. ತಗ್ಗಿರುವಲ್ಲೆಲ್ಲ, ಹಳಿ ಎರಡಾಗಿ ಒಡೆಯುವ ಕವಲುಗಳ ಬಳಿ ತಪ್ಪದೆ, ಸೀಳಿನ ತಳಕ್ಕೆ ಕಿಂಡಿ ಕೊರೆದು ಚರಂಡಿಗೆ ಜೋಡಿಸಬೇಕು. ಮುಂದೆ ಮಾರ್ಗ ವಿಸ್ತರಿಸುವುದಿದ್ದರೆ ಕವಲನ್ನೂ ಅದರ ಚರಂಡಿಯನ್ನೂ ಮೊದಲ ಹಂತದಲ್ಲೇ ಹಾಕಿಬಿಡುವುದು ಒಳ್ಳೆಯದು. ಓಡುತ್ತಿರುವ ಮಾರ್ಗವನ್ನು ಅಗೆದು ಸೇರಿಸುವುದು ಬಲು ದುಬಾರಿ.