ಅರ್ಧ ನಿವೃತ್ತಿ ಅಂದರೆ ಯಾವ ಅರ್ಧ?

ಪ್ರಶ್ನೆ: ನಾನು, ನನ್ನ ಗಂಡ ಇಬ್ಬರೂ ಕಾಡು-ಬೆಟ್ಟದ ಚಾರಣಗಳಿಗೆ ಗೈಡ್‌ಗಳು. ಅವರಿಗೆ 62, ನನಗೆ 56. ಯಾವಾಗಲೂ ಅವರೇ ಲೀಡರ್, ನಾನು ತಂಡದ ಕೊನೆಯಲ್ಲಿ ಬರುವವಳು. ಅವರಿಗೆ ಮಂಡಿನೋವು ಜಾಸ್ತಿಯಾದ ಮೇಲೆ ಉದ್ದದ ಚಾರಣ ಬಿಟ್ಟು, ಕಡ್ಡಿ ಉಜ್ಜಿ ಬೆಂಕಿ ಮಾಡುವುದು, ನಾರು ಹೊಸೆಯುವುದು, ಹೆಜ್ಜೆಗುರುತು ಓದುವುದು ಇಂಥ ಹಳೆಯ ವಿದ್ಯೆ ಕಲಿಸೋಣ ಎಂದು ಮಾತಾಡಿಕೊಂಡಿದ್ದೆವು. ಆದರೆ ಫೋನ್ ಬಂದರೆ ಸಾಕು, 'ಇದೊಂದು ಸಲ' ಎಂದು ಒಪ್ಪಿಕೊಂಡುಬಿಡುತ್ತಾರೆ. ಕಳೆದ ಬಾರಿ ಇಳಿಯುವಾಗ ಮಂಡಿ ಹಿಡಿದುಕೊಂಡಿತು. ತಂಡ ಕ್ಯಾಂಪ್ ಸೇರುವಾಗ ಕತ್ತಲಾಗಿತ್ತು. 'ಏನೂ ಆಗ್ಲಿಲ್ವಲ್ಲ' ಅಂದರು. ಕಲಿಸುವಾಗಲೂ ಅವರಿಗೆ ತಾಳ್ಮೆ ಇಲ್ಲ. ಕಲಿಯುವವರ ಕೈಯಿಂದ ಕಿತ್ತುಕೊಂಡು ತಾವೇ ಮಾಡುತ್ತಾರೆ. ಒಬ್ಬರು ಬೇಸರಪಟ್ಟು ಮಧ್ಯದಲ್ಲೇ ಎದ್ದು ಹೋದರು. ಎಲ್ಲ ನಿಲ್ಲಿಸಿ ಎಂದರೆ ಕುಗ್ಗಿಹೋಗುತ್ತಾರೆ, ಸುಮ್ಮನಿದ್ದರೆ ನನಗೆ ನಿದ್ದೆ ಇಲ್ಲ. ಏನು ಮಾಡಲಿ?

ಉತ್ತರ: 'ಏನೂ ಆಗ್ಲಿಲ್ವಲ್ಲ' ಎಂದು ಬೇರೆ ಯಾವ ಗೈಡ್ ಹೇಳಿದ್ದರೂ ನಿಮ್ಮವರೇ ಬೈಯುತ್ತಿದ್ದರು, ಅಲ್ವಾ? ನೆಚ್ಚಿಕೊಂಡು ಬಂದ ಜನರನ್ನು ಕತ್ತಲಲ್ಲಿ ಇಳಿಸಬೇಕಾಗಿ ಬಂತು. ಆಗಿದ್ದು ಅದೇ. ಯಾರ ಕಾಲೂ ಮುರಿಯಲಿಲ್ಲ ಅನ್ನುವುದು ಅದೃಷ್ಟ, ಅಷ್ಟೇ.

ನಿಮ್ಮ ಪತ್ರದಲ್ಲಿ ಎರಡು ಸಮಸ್ಯೆ ಇದೆ. ಒಂದರಲ್ಲಿ ಚೌಕಾಸಿ ಬೇಡ, ಇನ್ನೊಂದಕ್ಕೆ ಕಾಲಾವಕಾಶ ಕೊಡಿ.

ಚೌಕಾಸಿ ಬೇಡದ್ದು ಲೀಡರ್ ಕೆಲಸ. ಇದನ್ನು ಮರ್ಯಾದೆಯ ಮಾತು ಮಾಡಿದರೆ ಜಗಳ ಗ್ಯಾರಂಟಿ. ಲೆಕ್ಕದ ಮಾತು ಮಾಡಿ. ಬೆಟ್ಟದ ಹಾದಿಗೆ ಎಷ್ಟು ಹೊತ್ತು ಬೇಕು ಎಂದು ಅಂದಾಜು ಮಾಡಲು 1892ರಲ್ಲಿ ಸ್ಕಾಟ್ಲೆಂಡಿನ ಪರ್ವತಾರೋಹಿ ನೈಸ್ಮಿತ್ ಹಾಕಿಕೊಟ್ಟ ಸೂತ್ರ ಅವರಿಗೆ ಬಾಯಿಪಾಠ ಇದ್ದೇ ಇರುತ್ತದೆ: ಗಂಟೆಗೆ ಸುಮಾರು 5 ಕಿಲೋಮೀಟರ್, ಜೊತೆಗೆ ಏರುವ ಪ್ರತಿ 600 ಮೀಟರಿಗೆ ಇನ್ನೊಂದು ಗಂಟೆ. ಇದರಲ್ಲಿ ನಡೆಯುವವರ ವಯಸ್ಸು ಬರುವುದಿಲ್ಲ. ಇಳಿಯುವುದಕ್ಕೆ ಬೇರೆ ಸಮಯವನ್ನೂ ಕೊಟ್ಟಿಲ್ಲ. ಆದರೆ ಮಂಡಿಗೆ ಪೆಟ್ಟು ಬೀಳುವುದು ಇಳಿಯುವಾಗಲೇ. ಒಂದೊಂದು ಹೆಜ್ಜೆಗೂ ತೊಡೆಯ ಸ್ನಾಯು ಹಿಗ್ಗುತ್ತಲೇ ಇಡೀ ಮೈಭಾರವನ್ನು, ಬೆನ್ನ ಮೇಲಿನ ಚೀಲವನ್ನು ತಡೆದು ಹಿಡಿಯಬೇಕು. ಚಾರಣದ ಕೋಲು ಆ ಭಾರವನ್ನು ಸ್ವಲ್ಪ ಹಗುರ ಮಾಡುತ್ತದೆ, ಇಲ್ಲವಾಗಿಸುವುದಿಲ್ಲ. ವಯಸ್ಸಾದಂತೆ ಮಬ್ಬು ಬೆಳಕಿನಲ್ಲಿ ಕಣ್ಣು ಸೋಲುತ್ತದೆ, ಬಾಯಾರಿಕೆ ಗೊತ್ತಾಗುವುದೂ ಕಡಿಮೆ. ಎಷ್ಟೇ ಅನುಭವಿ ಗೈಡ್ ಆದರೂ ಇವು ಬಿಡುವುದಿಲ್ಲ.

ಹಾಗಾಗಿ ಇಬ್ಬರೂ ಪರಿಚಯದ ಹಾದಿಯೊಂದನ್ನು ಚಾರಣದ ಪೂರ್ತಿ ಹೊರೆ ಹೊತ್ತು ನಡೆಯಿರಿ. ಏರಲು ಎಷ್ಟು ಹೊತ್ತು, ಇಳಿಯಲು ಎಷ್ಟು ಹೊತ್ತು, ಬೇರೆ ಬೇರೆ ಬರೆದಿಡಿ. ನೀವು ಬಾಯಿ ತೆರೆಯುವುದೇ ಬೇಡ. ಗಡಿಯಾರದ ಜೊತೆ ವಾದ ಮಾಡುವ ಗೈಡ್ ಅವರಲ್ಲ ಎಂದುಕೊಳ್ಳುತ್ತೇನೆ.

ಕಲಿಸುವ ವಿಷಯಕ್ಕೆ ಬರೋಣ. ಇಲ್ಲಿ ನನಗೆ ಅವರ ಮೇಲೆ ಮರುಕವೇ ಜಾಸ್ತಿ. ಗೈಡ್ ಆದವರು ಇಡೀ ಜೀವನ ಮಾಡಿದ್ದು ಒಂದೇ ಕೆಲಸ, ಬೇರೆಯವರು ತಪ್ಪು ಮಾಡುವ ಮೊದಲೇ ಕೈ ಹಾಕಿ ತಡೆಯುವುದು. ಕಲಿಸುವವರು ತಪ್ಪು ಆಗಲು ಬಿಡಬೇಕು. ವರ್ಷಗಟ್ಟಲೆ ಬಸ್ ಓಡಿಸಿದವರನ್ನು ಡ್ರೈವಿಂಗ್ ಕಲಿಸಲು ಪಕ್ಕದ ಸೀಟಿನಲ್ಲಿ ಕೂರಿಸಿದರೆ ಕಾಲು ತಾನಾಗೇ ಬ್ರೇಕ್ ಹುಡುಕುತ್ತದಲ್ಲ, ಅವರ ಕೈಯೂ ಹಾಗೇ. ಅದು ಅಹಂಕಾರವಲ್ಲ, ಅಭ್ಯಾಸ.

ಬಿಲ್ಲಿನ ಹಗ್ಗ ಸುತ್ತಿ ಕಡ್ಡಿ ತಿರುಗಿಸಿ ಬೆಂಕಿ ಮಾಡುವುದನ್ನೇ ನೋಡಿ. ಅಡಿಹಲಗೆಯಲ್ಲಿ ಕೊರೆದ ಸಂದಿಗೆ ಪುಡಿ ಬಿದ್ದು ಗುಡ್ಡೆಯಾಗಬೇಕು. ಪುಡಿ ತಿಳಿ ಕಂದು ಇದ್ದರೆ ಕಾವು ಸಾಲದು, ಒತ್ತಡವೋ ವೇಗವೋ ಕಡಿಮೆ. ಕಪ್ಪಾಗಿ, ಕಡ್ಡಿ ನಿಲ್ಲಿಸಿದ ಮೇಲೂ ಗುಡ್ಡೆ ತಾನೇ ಹೊಗೆಯಾಡುತ್ತಿದ್ದರೆ ಒಳಗೆ ಕೆಂಡ ಹುಟ್ಟಿದೆ ಎಂದರ್ಥ. ಆಗ ಅವಸರ ಬೇಕಿಲ್ಲ, ಗುಡ್ಡೆ ಸ್ವಲ್ಪ ಗಟ್ಟಿಯಾದ ಮೇಲೆ ಒಣ ನಾರಿನ ಉಂಡೆಗೆ ಹಾಕಿ ಊದಿದರೆ ಸಾಕು. ಇದನ್ನು ನಿಮ್ಮವರು ಕ್ಷಣದಲ್ಲಿ ಮಾಡಿ ತೋರಿಸಿದರೆ ಎದುರಿಗೆ ಕೂತವರು ಚಪ್ಪಾಳೆ ತಟ್ಟಿ ಮನೆಗೆ ಹೋಗುತ್ತಾರೆ. ಏನೂ ಕಲಿತಿರುವುದಿಲ್ಲ. 'ಪುಡಿ ಯಾವ ಬಣ್ಣ ಇದೆ ನೋಡಿ' ಎಂದು ಕೇಳಿ ಸುಮ್ಮನಾದರೆ ಅದು ಪಾಠ.

ಸುಮ್ಮನಾಗುವುದು ಅವರಿಗೆ ಕಷ್ಟ. ಕೈಗೆ ಬೇರೆ ಕೆಲಸ ಕೊಡಿ. ನಾರು ಹೊಸೆಯುತ್ತಾ ಕೂರಲಿ. ತಮಾಷೆಗೆ ಹೇಳುತ್ತಿಲ್ಲ, ಎರಡೂ ಕೈ ಹಗ್ಗದಲ್ಲಿ ಸಿಕ್ಕಿಕೊಂಡಿದ್ದರೆ ಇನ್ನೊಬ್ಬರ ಬಿಲ್ಲು ಕಿತ್ತುಕೊಳ್ಳಲು ಆಗುವುದಿಲ್ಲ. ಹಾಗೇ, ಯಾವ ವಿದ್ಯೆ ಯಾರಿಂದ, ಯಾವ ಸಮುದಾಯದಿಂದ ಬಂತು ಎಂದು ಕಲಿಸುವ ಮೊದಲು ಹೇಳುವ ಅಭ್ಯಾಸ ಇಟ್ಟುಕೊಳ್ಳಲಿ. ಹೇಳದೇ ಕಲಿಸಿದರೆ ಎಲ್ಲ ನಮ್ಮದೇ ಅನ್ನಿಸಿಬಿಡುತ್ತದೆ. ಬೆಂಕಿ, ಚಾಕು ಎರಡೂ ಇರುವ ಜಾಗ ಅದು, ಪ್ರಥಮ ಚಿಕಿತ್ಸೆಯ ಸರ್ಟಿಫಿಕೇಟ್ ಹಳತಾಗಲು ಬಿಡಬೇಡಿ. ವಿಮೆಯವರಿಗೂ ಕೆಲಸ ಬದಲಾಗಿದೆ ಎಂದು ತಿಳಿಸಿ.

ಕಲಿಸುವುದು ಸೋತವರ ಕೆಲಸ ಎಂದು ಅವರಿಗೆ ಒಳಗೊಳಗೇ ಅನ್ನಿಸುತ್ತಿದ್ದರೆ ಅಮೆರಿಕದ ಪರ್ವತಾರೋಹಿ ಪಾಲ್ ಪೆಟ್ಜೋಲ್ಟ್ ಕಥೆ ನೆನಪಿಸಿ. 1924ರಲ್ಲಿ, 16ನೇ ವಯಸ್ಸಿಗೇ ಅಲ್ಲಿನ ಗ್ರ್ಯಾಂಡ್ ಟೀಟನ್ ಶಿಖರ ಹತ್ತಿದವರು, ಜಗತ್ತಿನ ಎರಡನೇ ಎತ್ತರದ ಶಿಖರ ಕೆ2ಗೆ 1938ರಲ್ಲಿ ಹೋದ ಅಮೆರಿಕನ್ ತಂಡದಲ್ಲಿದ್ದವರು. ನೋಲ್ಸ್ ಹೊರಾಂಗಣ ಶಾಲೆ ಕಟ್ಟಿದ್ದು 1965ರಲ್ಲಿ, 57ರ ವಯಸ್ಸಿನಲ್ಲಿ. ಇನ್ನೊಬ್ಬರನ್ನು ಸರಿಯಾಗಿ ಕರೆದೊಯ್ದು ಕಲಿಸಬಲ್ಲವರೇ ಸಾಲದು ಅನ್ನುವುದು ಅವರ ಚಿಂತೆಯಾಗಿತ್ತು.

ಇನ್ನು ನಿಮ್ಮ ವಿಷಯ. 'ನಾನು ಕೊನೆಯಲ್ಲಿ ಬರುವವಳು' ಎಂದು ಬರೆದಿದ್ದೀರಿ. ತಂಡದಲ್ಲಿ ಯಾರು ಸುಸ್ತಾಗಿದ್ದಾರೆ, ಯಾರ ಶೂ ಕಚ್ಚುತ್ತಿದೆ ಎಂದು ಮೊದಲು ಗೊತ್ತಾಗುವುದು ಕೊನೆಯಲ್ಲಿ ಬರುವವರಿಗೇ. ಮಂಡಿ ನೋವು ಅವರದು, ನಿವೃತ್ತಿ ಮಾತ್ರ ಇಬ್ಬರಿಗೂ ಯಾಕೆ? ನಿಮಗೆ ಇಷ್ಟವಿದ್ದರೆ ಉದ್ದದ ಚಾರಣಗಳಿಗೆ ನೀವೇ ಲೀಡರ್ ಆಗಿ. ಜೊತೆಗೆ ಗಟ್ಟಿ ಕಾಲಿನ ಕಿರಿಯರೊಬ್ಬರು ಇರಲಿ. ನಿಮ್ಮವರು ಕೆಳಗಿನ ಕ್ಯಾಂಪ್ ನೋಡಿಕೊಂಡು ಅಲ್ಲೇ ಕಲಿಸಲಿ. ಚಾರಣ ಪೂರ್ತಿ ತಪ್ಪಿಹೋಗುತ್ತದೆ ಅನ್ನುವ ಹೆದರಿಕೆಯಿಂದಲೇ ಅವರು ಫೋನ್ ಬಂದಾಗಲೆಲ್ಲ ಹೂಂ ಅನ್ನುತ್ತಿರಬಹುದು. ನಿಮಗೆ ಲೀಡರ್ ಆಗುವ ಆಸೆ ಇಲ್ಲ ಎಂದರೆ ಅದನ್ನೂ ನೇರವಾಗಿ ಹೇಳಿ, ಉದ್ದದ ಬುಕಿಂಗ್ ಬೇರೆ ಗೈಡ್‌ಗಳಿಗೆ ದಾಟಿಸಿ.

ಮಾತಿಗೆ ಕೂರುವುದು ದಣಿದು ಬಂದ ಸಂಜೆ ಬೇಡ. ಮುಂದಿನ ಬುಕಿಂಗ್‌ಗೆ ಮುಂಗಡ ತೆಗೆದುಕೊಳ್ಳುವ ಮೊದಲು ಕೂತು ಮಾತಾಡಿ. ಅವತ್ತಿನಿಂದ ಬುಕಿಂಗ್ ಫೋನ್ ನಿಮ್ಮ ಹತ್ತಿರ ಇರಲಿ. ಒಪ್ಪದಿದ್ದರೆ, 'ನೀವು ಲೀಡರ್ ಆಗಿರುವ ತಂಡಕ್ಕೆ ನಾನು ಬರುವುದಿಲ್ಲ, ಯಾಕೆ ಎಂದು ಬುಕ್ ಮಾಡಿದವರು ಕೇಳಿದರೆ ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ' ಎಂದು ಹೇಳಿಬಿಡಿ. ಹೇಳಿದ ಮೇಲೆ ಹಾಗೇ ನಡೆದುಕೊಳ್ಳಿ.