ಆ ಮೇಡಂಗೆ ಬರೆಯಿರಿ

(ಓದುಗರೊಬ್ಬರ ಪತ್ರದ ಸಾರ: ಮೊದಲ ಕೆಲಸದಲ್ಲಿ ನನಗೆ ಬಾಸ್ ಆಗಿದ್ದ ಮೇಡಂ ತುಂಬಾ ಸ್ಟ್ರಿಕ್ಟ್. ಒಮ್ಮೆ ನನ್ನ ಲೆಕ್ಕ ತಪ್ಪಿದಾಗ, ‘ನಾನು ನೋಡಬೇಕಿತ್ತು’ ಎಂದು ದೊಡ್ಡವರ ಮುಂದೆ ತಾವೇ ಹೊಣೆ ಹೊತ್ತರು. ಸಂಜೆ ಪಕ್ಕದಲ್ಲಿ ಕೂತು ತಪ್ಪನ್ನು ನನ್ನಿಂದಲೇ ಹುಡುಕಿಸಿದರು. ಈಗ ಅವರು ರಿಟೈರ್ ಆಗಿದ್ದಾರೆ. ಥ್ಯಾಂಕ್ಸ್ ಹೇಳೋಣ ಅಂದರೆ ಗೆಳತಿಯರು ‘ಈಗ್ಯಾಕೆ ಬೆಣ್ಣೆ ಹಚ್ತೀಯ?’ ಅಂತಾರೆ. ಅವರು ಬೈದದ್ದೂ ಮರೆತಿಲ್ಲ. ಏನು ಮಾಡಲಿ?)

ಬೆಣ್ಣೆ ಹಚ್ಚುವುದು ಕೆಲಸ ಆಗಬೇಕಿರುವಾಗ, ಅಲ್ವಾ? ಆ ಮೇಡಂ ಕೈಯಲ್ಲಿ ಈಗ ನಿಮ್ಮ ಇನ್‌ಕ್ರಿಮೆಂಟೂ ಇಲ್ಲ, ಪ್ರಮೋಷನ್ನೂ ಇಲ್ಲ. ಅವರ ಕೈಕೆಳಗೆ ಇದ್ದಾಗ ಇದೇ ಮಾತು ಹೇಳಿದ್ದರೆ, ಪಾಪ, ಅವರಿಗೇ ಅನುಮಾನ ಬರುತ್ತಿತ್ತು. ಈಗ ಆ ತಾಪತ್ರಯ ಇಲ್ಲ.

ಹೊಣೆ ಹೊತ್ತದ್ದು ದೊಡ್ಡ ಗುಣವೇ. ಆದರೆ ನನಗೆ ಜಾಸ್ತಿ ಹಿಡಿಸಿದ್ದು ಆ ಸಂಜೆಯ ಸಂಗತಿ. ಅವರೇ ಸರಿಮಾಡಿದ್ದರೆ ಹತ್ತು ನಿಮಿಷದ ಕೆಲಸ. ಮನೆಗೆ ಹೋಗಬಹುದಿತ್ತು.

ನಾನು ಉಪಸಂಪಾದಕನಾಗಿ ಸೇರಿದಾಗ ನಮ್ಮ ಮುಖ್ಯ ಉಪಸಂಪಾದಕರಿಗೂ ಇದೇ ಚಾಳಿ. ಕಾಪಿಯ ಅಂಚಿನಲ್ಲಿ ಪೆನ್ಸಿಲ್ಲಿನಿಂದ ಒಂದು ಚುಕ್ಕೆ ಇಟ್ಟು ವಾಪಸ್ ಕೊಡುತ್ತಿದ್ದರು. ಏನು ಸರಿಯಿಲ್ಲ ಅಂತ ಹೇಳುತ್ತಿರಲಿಲ್ಲ. ಆ ಸಾಲನ್ನು ಗಟ್ಟಿಯಾಗಿ ಓದಿ, ವಾಕ್ಯ ಎಲ್ಲಿ ಎಡವುತ್ತಿದೆ ಅಂತ ನಾನೇ ಕಂಡುಕೊಳ್ಳಬೇಕು. ಪುಟ ಅಚ್ಚಿಗೆ ಹೋಗುವ ಹೊತ್ತಾದರೂ ಅವರ ಪೆನ್ಸಿಲ್ ಚುಕ್ಕೆ ದಾಟುತ್ತಿರಲಿಲ್ಲ. ಆಗೆಲ್ಲ ಮೈ ಉರಿಯುತ್ತಿತ್ತು ಬಿಡಿ. ‘ಬಿಡಪ್ಪ, ನಾನೇ ಮಾಡ್ತೀನಿ’ ಎನ್ನುವ ಬಾಸ್‌ಗಳೂ ಮುಂದೆ ಸಿಕ್ಕರು. ಒಳ್ಳೆಯ ಜನ. ಅವರಿಂದ ಏನು ಕಲಿತೆ ಅಂತ ಕೇಳಿದರೆ ಮಾತ್ರ ತಡವರಿಸುತ್ತೇನೆ.

ಇನ್ನು ಬೈದ ವಿಷಯ. ವಿದ್ಯುತ್ತಿನ ಸಂಶೋಧನೆಗೆ ಹೆಸರಾದ ವಿಜ್ಞಾನಿ ಮೈಕೆಲ್ ಫ್ಯಾರಡೆ ಮೊದಲು ಬುಕ್ ಬೈಂಡಿಂಗ್ ಕೆಲಸ ಕಲಿತವರು. 1812ರಲ್ಲಿ ಲಂಡನ್ನಿನಲ್ಲಿ ಆಗಿನ ಹೆಸರಾಂತ ರಸಾಯನ ವಿಜ್ಞಾನಿ ಹಂಫ್ರಿ ಡೇವಿಯವರ ಉಪನ್ಯಾಸ ಕೇಳಿ, ಬರೆದುಕೊಂಡ ಟಿಪ್ಪಣಿಗಳನ್ನು ತಾವೇ ಬೈಂಡ್ ಮಾಡಿ ಅವರಿಗೆ ಕಳಿಸಿದರು. ಮರುವರ್ಷ ಡೇವಿ ಫ್ಯಾರಡೆಯವರನ್ನು ಪ್ರಯೋಗಾಲಯದ ಸಹಾಯಕರಾಗಿ ಸೇರಿಸಿಕೊಂಡರು. ಯುರೋಪ್ ಪ್ರವಾಸಕ್ಕೂ ಕರೆದೊಯ್ದರು. ಅಲ್ಲಿ ದೊಡ್ಡ ದೊಡ್ಡ ವಿಜ್ಞಾನಿಗಳ ಪರಿಚಯವೂ ಆಯಿತು, ಆಳಿನ ಕೆಲಸ ಮಾಡುವ ಪಾಡೂ ಬಂತು. 1823ರಲ್ಲಿ ಬ್ರಿಟನ್ನಿನ ವಿಜ್ಞಾನಿಗಳ ಸಂಘವಾದ ರಾಯಲ್ ಸೊಸೈಟಿಯ ಸದಸ್ಯತ್ವಕ್ಕೆ ಫ್ಯಾರಡೆ ಹೆಸರು ಬಂದಾಗ ಬೇಡ ಎಂದದ್ದು ಇದೇ ಡೇವಿ. ಆಗ ಅವರೇ ಅಧ್ಯಕ್ಷರು. ಆದರೂ 1824ರಲ್ಲಿ ಫ್ಯಾರಡೆ ಆಯ್ಕೆಯಾದರು. 1829ರಲ್ಲಿ ಡೇವಿ ತೀರಿಕೊಂಡರು. ಅವರ ಜೀವನಚರಿತ್ರೆ ಬರೆಯುತ್ತಿದ್ದವರಿಗೆ ಫ್ಯಾರಡೆ ಕಳಿಸಿಕೊಟ್ಟದ್ದು, ಡೇವಿ ತಮಗೆ ಮೊದಲು ಬರೆದಿದ್ದ ಪತ್ರ. ಅಷ್ಟು ವರ್ಷ ಜೋಪಾನವಾಗಿ ಇಟ್ಟುಕೊಂಡಿದ್ದರು. ನೋಡಿ ವಾಪಸ್ ಕೊಡಿ ಎಂದೂ ಕೇಳಿಕೊಂಡಿದ್ದರು.

ಹಾಗಾಗಿ ಬೈದದ್ದನ್ನು ಮರೆಯಲೇಬೇಕು ಅಂತೇನಿಲ್ಲ. ಅದು ಅದರ ಪಾಡಿಗೆ ಇರಲಿ. (ಬೈಯುವುದು ಬೇರೆ, ಮರ್ಯಾದೆ ತೆಗೆಯುವುದು ಬೇರೆ. ಎರಡನೆಯದಾಗಿದ್ದರೆ ನೀವು ಈ ಪತ್ರವನ್ನೇ ಬರೆಯುತ್ತಿರಲಿಲ್ಲ.)

ಬರೆಯುವಾಗ ‘ನೀವೇ ನನ್ನ ದಾರಿದೀಪ’ ಅಂತೆಲ್ಲ ಸುಮ್ನೆ ಹೊಗಳಬೇಡಿ. ಬೀಳ್ಕೊಡುಗೆಯ ದಿನ ಅವರು ಅದನ್ನು ಸಾಕಷ್ಟು ಕೇಳಿರುತ್ತಾರೆ. ಆ ಸಂಜೆಯ ಲೆಕ್ಕದ ವಿಷಯ ಬರೆಯಿರಿ. ಈಗ ನಿಮ್ಮ ಕೈಕೆಳಗಿನ ಹುಡುಗರ ಜೊತೆ ನೀವೂ ಹಾಗೆ ಕೂರುತ್ತಿದ್ದರೆ ಅದನ್ನೂ ಹೇಳಿ. ಅವರಿಗೆ ಆ ದಿನ ನೆನಪೇ ಇಲ್ಲದಿರಬಹುದು. ಬೇಜಾರು ಮಾಡಿಕೊಳ್ಳಬೇಡಿ.

ಕಾಗದವೇ ಬೇಕಾ ಎಂದು ಕೊನೆಯಲ್ಲಿ ಕೇಳಿದ್ದೀರಿ. ವಾಟ್ಸ್ಆ್ಯಪ್ ಸಾಕು. ಆದರೆ ಹುಟ್ಟುಹಬ್ಬದ ಶುಭಾಶಯದ ಜೊತೆ ಕಳಿಸಬೇಡಿ, ಹತ್ತರ ಜೊತೆ ಹನ್ನೊಂದಾಗುತ್ತದೆ.

— ಸಂ.