ಮೆಟ್ಟಿಲೊಳಗೆ ಕಪಾಟು

ಪ್ರಶ್ನೆ: ಕಾರವಾರದ ಕೋಡಿಬಾಗದಲ್ಲಿರುವ ನಮ್ಮ 320 ಚದರ ಅಡಿಯ ಮನೆಯಲ್ಲಿ ಅಟ್ಟದ ಮೆಟ್ಟಿಲುಗಳೊಳಗೇ ಖಾನೆಗಳನ್ನು ಮಾಡಿಸಬಹುದೇ?

ಉತ್ತರ: ಧಾರಾಳವಾಗಿ ಮಾಡಿಸಬಹುದು, ಜಪಾನಿನ ಹಳೆಯ ಮನೆಗಳಲ್ಲಿ ‘ಕೈದಾನ್ ದಾನ್ಸು’ ಎಂಬ ಮೆಟ್ಟಿಲು-ಕಪಾಟು ಇದೇ ಉದ್ದೇಶಕ್ಕೆ ಬಳಕೆಯಲ್ಲಿತ್ತು. ಆದರೆ ಜಾಗ ಉಳಿಸುವ ಆಸೆಯಿಂದ ಮೆಟ್ಟಿಲನ್ನು ಕಡಿದಾಗಿಸಬೇಡಿ: ಪ್ರತಿ ಮೆಟ್ಟಿಲಿನ ಎತ್ತರ ಏಳೂವರೆ ಇಂಚನ್ನು ಮೀರದಿರಲಿ, ಕಾಲಿಡುವ ಅಗಲ 10 ಇಂಚಿಗೆ ಕಡಿಮೆಯಾಗದಿರಲಿ. ನಮ್ಮ ಕರಾವಳಿಯಲ್ಲಿ ಜಾಗಕ್ಕಿಂತ ದೊಡ್ಡ ಸಮಸ್ಯೆ ತೇವಾಂಶ. ಮಳೆಗಾಲದಲ್ಲಿ ಗಾಳಿಯಾಡದ ಖಾನೆಯೊಳಗಿನ ಬಟ್ಟೆ, ಪುಸ್ತಕಗಳಿಗೆ ಬೂಷ್ಟು ಹಿಡಿಯುವುದರಿಂದ, ಹಿಂಬದಿಯ ಹಲಗೆಯನ್ನು ಗೋಡೆಗೆ ತಾಗಿಸದೆ ಒಂದಿಂಚು ಬಿಟ್ಟು ನಿಲ್ಲಿಸಿ, ಬಾಗಿಲುಗಳಿಗೆ ಜಾಲರಿ ಹಾಕಿಸಿ. ಪ್ಲೈವುಡ್ ಐಎಸ್ 710 ದರ್ಜೆಯದಾಗಿರಲಿ, ಅಂದರೆ ತೇವ ತಾಳಿಕೊಳ್ಳುವ ‘ಮರೀನ್’ ಪ್ಲೈವುಡ್ (ದುಬಾರಿಯಾದರೂ ಇಲ್ಲಿ ಜಿಪುಣತನ ಬೇಡ). ಉಪ್ಪುಗಾಳಿಗೆ ಕಬ್ಬಿಣದ ತಿರುಗಣಿ (ಹಿಂಜ್) ಬೇಗ ತುಕ್ಕು ಹಿಡಿಯುವುದರಿಂದ ಸ್ಟೇನ್‌ಲೆಸ್ ಸ್ಟೀಲಿನದನ್ನೇ ಬಡಗಿಗೆ ಕೇಳಿ.